ಎಚ್‌ಐವಿ ಜತೆ ಹೆಪಟೈಟಿಸ್ ಸಿ: ಮದ್ದು ಉಚಿತ, ತಲುಪುವುದೇ ಕಷ್ಟ

ಮಣಿಪುರದಲ್ಲಿ ಹೆರಾಯಿನ್ ವ್ಯಸನಿಗಳು ಹಂಚಿಕೊಂಡ ಸೂಜಿ ಎಚ್‌ಐವಿಯನ್ನಷ್ಟೇ ಹರಡಲಿಲ್ಲ. ಯಕೃತ್ತನ್ನು ಸದ್ದಿಲ್ಲದೆ ಕೆಡಿಸುವ ಹೆಪಟೈಟಿಸ್ ಸಿ ವೈರಾಣುವನ್ನೂ ದಾಟಿಸಿತು. ಎಆರ್‌ಟಿ ಮಾತ್ರೆಗಳಿಂದ ಎಚ್‌ಐವಿ ಹತೋಟಿಗೆ ಬಂದವರನ್ನೂ ಈ ಎರಡನೆಯ ಸೋಂಕು ಬಲಿ ತೆಗೆದುಕೊಳ್ಳಬಲ್ಲದು. ಹಿಂದೆ ಇದಕ್ಕಿದ್ದುದು ಇಂಟರ್‌ಫೆರಾನ್ ಚುಚ್ಚುಮದ್ದು: ವರ್ಷದವರೆಗಿನ ಯಾತನೆ, ಲಕ್ಷಗಟ್ಟಲೆ ವೆಚ್ಚ, ಗುಣವಾಗುವ ಭರವಸೆ ಮಾತ್ರ ಅಲ್ಪ. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೊಫೊಸ್ಬುವಿರ್ ಮಾತ್ರೆಗೆ ಅಲ್ಲಿನ ಬೆಲೆ ಒಂದಕ್ಕೆ 1,000 ಡಾಲರ್! 2014ರ ಪರವಾನಗಿ ಒಪ್ಪಂದದ ಬಳಿಕ ಭಾರತೀಯ ಕಂಪನಿಗಳು ಅದನ್ನು ಅಗ್ಗವಾಗಿಸಿದವು.

2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಚಿಕಿತ್ಸೆ ಉಚಿತ. ಸಾಮಾನ್ಯವಾಗಿ 12 ವಾರಗಳ ಚಿಕಿತ್ಸೆಯಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ, ಎಚ್‌ಐವಿ ಇದ್ದವರೂ ಸಹ. ಆದರೆ ಇದರ ಜತೆ ನೀಡುವ ವೆಲ್ಪಟಾಸ್ವಿರ್, ಹಳೆಯ ಎಚ್‌ಐವಿ ಔಷಧ ಎಫಾವಿರೆಂಜ್‌ಗೆ ಹೊಂದದು. ಅದನ್ನು ಮೊದಲು ಬದಲಿಸಬೇಕು. ಪೊಲೀಸರ ಭಯದಿಂದ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ವ್ಯಸನಿಗೆ ಉಚಿತ ಮಾತ್ರೆ ತಲುಪುವುದೆಂತು? ಸೂಜಿ ವಿನಿಮಯ ಕೇಂದ್ರದಲ್ಲೇ ರಕ್ತಪರೀಕ್ಷೆ, ಅಲ್ಲೇ ಔಷಧ ಸಿಗಬೇಕು.