ಧೈರ್ಯವನ್ನು ಬೋಧಿಸುವವರಿಗೆ

ಮಳೆ ಕೈಕೊಟ್ಟು ಬೆಳೆ ಒಣಗಿದಾಗಲೂ, ಹೊಳೆ ಮೇರೆಮೀರಿ ಮನೆಗಳು ನೀರುಪಾಲಾದಾಗಲೂ, ಸಾಲದ ಹೊರೆ ತಾಳಲಾರದೆ ಒಬ್ಬ ರೈತನು ಪ್ರಾಣವನ್ನು ಕಳೆದುಕೊಂಡನೆಂಬ ವಾರ್ತೆ ಬಂದಾಗಲೂ, ನಮ್ಮ ವಿದ್ಯಾವಂತರ ಮನೆಗಳಲ್ಲಿ ಒಂದೇ ಮಾತು ಕೇಳಿಬರುವುದುಂಟು: “ಈ ಕಾಲದ ಜನಕ್ಕೆ ಮನೋಬಲವಿಲ್ಲ. ನಮ್ಮ ಹಿರಿಯರು ಇದಕ್ಕಿಂತ ಹೆಚ್ಚಿನ ಕಷ್ಟವನ್ನು ಕಂಡರು, ಎದೆಗುಂದಲಿಲ್ಲ. ಧೈರ್ಯವೊಂದಿದ್ದರೆ ಎಲ್ಲವೂ ಇದ್ದಂತೆ.” ಸಭೆಯಲ್ಲಿ ಹೇಳಿದರೆ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ, ಪತ್ರಿಕೆಯಲ್ಲಿ ಬರೆದರೆ ಸದುಪದೇಶವೆನಿಸುತ್ತದೆ, ಹೇಳುವವರಿಗೆ ಕಾಸಿನ ಖರ್ಚೂ ಇಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ನಾಲ್ಕು ಸೀಮೆಗಳ ಚರಿತ್ರೆಯನ್ನು ಬಲ್ಲವನು ಇದನ್ನು ಒಪ್ಪಲಾರನು. ಈ ಮಾತು ಅಸತ್ಯ. ಅಷ್ಟೇ ಅಲ್ಲ, ಅಪಾಯಕರವೂ ಹೌದು. ಇದನ್ನು ಸ್ಥಾಪಿಸುವುದೇ ಈ ಲೇಖನದ ಉದ್ದೇಶ.

ಶಬ್ದದಿಂದಲೇ ಆರಂಭಿಸೋಣ. ಕಷ್ಟದಲ್ಲಿ ಅಲುಗದೆ ನಿಲ್ಲುವ ಗುಣಕ್ಕೆ ನಮ್ಮ ಶಾಸ್ತ್ರಗಳಲ್ಲಿ ‘ಧೃತಿ’ ಎಂದು ಹೆಸರು. ಅದು ‘ಧೃ’ ಎಂಬ ಧಾತುವಿನಿಂದ ಹುಟ್ಟಿದುದು; ಹಿಡಿದಿಡುವುದು, ತಾಳುವುದು, ಹೊರುವುದು ಎಂದು ಅದರ ಅರ್ಥ. ಧರ್ಮ, ಧರಣಿ, ಆಧಾರ ಎಂಬ ಶಬ್ದಗಳಿಗೂ ತಾಯಿ ಆ ಧಾತುವೇ. ಇದು ವೈಯಾಕರಣರ ವಿನೋದವಲ್ಲ. ಆಧಾರವಿಲ್ಲದೆ ಧಾರಣವಿಲ್ಲ. ಕಾಲ ಕೆಳಗಿನ ಧರಣಿಯನ್ನು ಕಿತ್ತುಕೊಂಡು ‘ಧೃತಿಗೆಡಬೇಡ’ ಎನ್ನುವುದು ಬುಡಕ್ಕೆ ಕೊಡಲಿಯಿಟ್ಟು ಮರಕ್ಕೆ ನೆಟ್ಟಗೆ ನಿಲ್ಲೆಂದು ಹೇಳಿದಂತೆ. ಓದುಬರಹವಿಲ್ಲದ ನಮ್ಮ ಹಳ್ಳಿಯವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಕಷ್ಟದಲ್ಲಿರುವವನನ್ನು ಕಂಡು ಅವರು ‘ಅವನಿಗೆ ಮನೋಬಲವೆಷ್ಟು?’ ಎಂದು ಕೇಳುವುದಿಲ್ಲ. ‘ಅವನಿಗೆ ಯಾರು ದಿಕ್ಕು?’ ಎಂದು ಕೇಳುತ್ತಾರೆ.

ಧೈರ್ಯೋಪದೇಶಕರು ಭಗವದ್ಗೀತೆಯನ್ನು ಪ್ರಮಾಣವಾಗಿ ತರುವುದು ವಾಡಿಕೆ. ತರಲಿ, ಆದರೆ ಪೂರ್ತಿಯಾಗಿ ತರಲಿ. ಅರ್ಜುನನು ಕುಸಿದು ಕುಳಿತಾಗ ಶ್ರೀಕೃಷ್ಣನು ಮೊದಲು ಹೇಳಿದುದು ಇವರು ಹೇಳುವಂಥ ಮಾತನ್ನೇ: ಈ ಹೇಡಿತನ ನಿನಗೆ ತಕ್ಕುದಲ್ಲ, ಎದೆಯ ದೌರ್ಬಲ್ಯವನ್ನು ಬಿಟ್ಟು ಏಳು, ಎಂದು. ಅದರಿಂದ ಅರ್ಜುನನು ಎದ್ದನೆ? ಇಲ್ಲ. ನಾನು ಯುದ್ಧಮಾಡಲಾರೆನೆಂದು ಹೇಳಿ ಸುಮ್ಮನಾದನು. ಸಾಕ್ಷಾತ್ ಭಗವಂತನ ಬಾಯಿಂದ ಬಂದಾಗಲೂ ಗದರಿಕೆಯಿಂದ ಕಾರ್ಯವಾಗಲಿಲ್ಲ. ಆಮೇಲೆ ನಡೆದುದು ಬೇರೆಯ ಕ್ರಮ. ಶ್ರೀಕೃಷ್ಣನು ರಥವನ್ನು ಬಿಟ್ಟು ಹೋಗಲಿಲ್ಲ. ಕೇಳಿದ ಪ್ರಶ್ನೆಗಳಿಗೆಲ್ಲ ಬೇಸರವಿಲ್ಲದೆ ಉತ್ತರಕೊಟ್ಟನು. ಹದಿನೆಂಟನೆಯ ಅಧ್ಯಾಯದವರೆಗೂ ಮಾತು ಮುಂದುವರಿಯಿತು. ಕಡೆಗೂ ಆಜ್ಞೆಮಾಡದೆ, ಚೆನ್ನಾಗಿ ವಿಚಾರಮಾಡಿ ನಿನ್ನ ಇಚ್ಛೆಯಂತೆ ನಡೆ ಎಂದನು. ವಿಷಾದವನ್ನು ಅವಮಾನವೆಂದು ಬಗೆಯದೆ ಒಂದು ಅಧ್ಯಾಯಕ್ಕೆ ಅದರ ಹೆಸರನ್ನೇ ಇಟ್ಟ ಗ್ರಂಥವದು. ಆ ಮೊದಲ ಗದರಿಕೆಯನ್ನು ಮಾತ್ರ ಆಯ್ದುಕೊಂಡು ಉಳಿದುದನ್ನು ಬಿಡುವವರು ಗೀತೆಯನ್ನು ಓದಿದವರೆಂದು ನಾನು ಭಾವಿಸಲಾರೆ.

ಇನ್ನು ‘ನಮ್ಮ ಹಿರಿಯರು ಸಹಿಸಿದರು’ ಎಂಬ ವಾದ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಮಹಾಕ್ಷಾಮವನ್ನು ನೆನೆಯಿರಿ. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಿರಿಯರ ಸಹನೆಯ ಲೆಕ್ಕವಿದು. ಉಳಿದವರ ಮಕ್ಕಳು ನಾವು. ಆದಕಾರಣ ಉಳಿದವರ ಕಥೆ ಮಾತ್ರ ನಮ್ಮ ಮನೆಗಳಲ್ಲಿ ನಡೆದುಬಂದಿದೆ. ಹೆದ್ದಾರಿಯ ಬದಿಯಲ್ಲಿ ಬಿದ್ದವರಿಗೆ ಧೈರ್ಯ ಕಡಮೆಯಿತ್ತೆಂದು ಯಾರು ಹೇಳಬಲ್ಲರು? ಅವರಿಗೆ ಕಡಮೆಯಾದುದು ಅನ್ನ.

ಅದಕ್ಕೆ ಪ್ರತಿಯಾಗಿ ನಮ್ಮ ಸೀಮೆಯಲ್ಲಿಯೇ ಇರುವ ಒಂದು ಉದಾಹರಣೆಯನ್ನು ನೋಡಿರಿ. 1924ರಲ್ಲಿ ಕಾವೇರಿ ಉಕ್ಕಿಬಂದು ದಕ್ಷಿಣದೇಶವನ್ನೆಲ್ಲ ಕಂಗೆಡಿಸಿತು. ಹೊಳೆಯ ದಡದ ಎಡತೊರೆಯ ಜನ ಮಳೆಗಾಲ ಬಂತೆಂದರೆ ಎದೆಬಡಿತದಿಂದ ಬದುಕಬೇಕಾಗಿತ್ತು. ಆಗ ಆಳುತ್ತಿದ್ದವರು ‘ಎಡತೊರೆಯವರೇ, ಎದೆಗೆಡಬೇಡಿ’ ಎಂದು ನಿರೂಪ ಕಳುಹಿಸಿ ಕೈತೊಳೆದುಕೊಳ್ಳಲಿಲ್ಲ. 1925ರಿಂದ 1930ರವರೆಗಿನ ಅವಧಿಯಲ್ಲಿ ಪ್ರವಾಹದ ಭಯವಿಲ್ಲದ ಎಡೆಯಲ್ಲಿ ಹೊಸ ಊರನ್ನೇ ಕಟ್ಟಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತ ಕೃಷ್ಣರಾಜನಗರವೇ ಅದು. ಎಡತೊರೆಯ ಅರ್ಕೇಶ್ವರಸ್ವಾಮಿ ಹೊಳೆಯ ದಡದಲ್ಲಿಯೇ ಉಳಿದನು. ಭಕ್ತರು ಎತ್ತರಕ್ಕೆ ಬಂದರೂ ದೇವರು ದೂರವಾಗಲಿಲ್ಲ. ಆ ಊರಿನವರು ನೆಮ್ಮದಿಯಿಂದ ಮಲಗುವಂತಾದುದು ಯಾರ ಉಪನ್ಯಾಸದಿಂದಲೂ ಅಲ್ಲ, ಎತ್ತರವಾದ ನೆಲದಿಂದ.

ನೆಲವೊಂದಿದ್ದರೆ ಸಾಕೆ ಎಂದು ಕೇಳಬಹುದು. ಸಾಲದು, ಜೊತೆಯೂ ಬೇಕು. ಇದಕ್ಕೆ ಪಿರಿಯಾಪಟ್ಟಣದ ಸೀಮೆಯೇ ಸಾಕ್ಷಿ. 1960ರಲ್ಲಿ ಆಗಿನ ಮೈಸೂರು ಸರ್ಕಾರವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಟಿಬೆಟ್ಟಿನ ನಿರಾಶ್ರಿತರಿಗೆ ಬಿಟ್ಟುಕೊಟ್ಟಿತು. ಹಿಮದ ನಾಡಿನಿಂದ ಬಂದವರು. ಭಾಷೆ ಬೇರೆ, ಬೆಳೆ ಬೇರೆ, ಬಿಸಿಲು ಹೊಸದು. ಕಾಡನ್ನು ಕಡಿದು, ಆನೆಗಳ ಕಾಟವನ್ನು ತಡೆದು ಬದುಕಬೇಕಾಗಿತ್ತು. ದೇಶವನ್ನೇ ಕಳೆದುಕೊಂಡ ಆ ಜನ ಇಂದು ನಮ್ಮ ನಡುವೆ ತಲೆಯೆತ್ತಿ ನಿಂತಿದ್ದಾರೆ. ಅವರನ್ನು ತೋರಿಸಿ ಧೈರ್ಯೋಪದೇಶಕರು ‘ನೋಡಿರಿ ಮನೋಬಲ’ ಎನ್ನುತ್ತಾರೆ. ಅವರಿಗೆ ದೊರೆತುದೇನೆಂಬುದನ್ನೂ ನೋಡಬೇಡವೆ? ಅವರು ಒಟ್ಟಾಗಿ ನೆಲೆಸಿದರು. ತಮ್ಮ ಗುರುಗಳನ್ನು, ಶಾಲೆಗಳನ್ನು, ಮಠಗಳನ್ನು ಮತ್ತೆ ಕಟ್ಟಿಕೊಂಡರು. ಸತ್ತವರಿಗೆ ತಮ್ಮ ಪದ್ಧತಿಯಂತೆ ಸಂಸ್ಕಾರಮಾಡಲು ತಮ್ಮವರೇ ಇದ್ದರು. 1972ರಲ್ಲಿ ಹುಣಸೂರಿನ ಗುರುಪುರದಲ್ಲಿ ನೆಲೆಯಾದ ಪಾಳೆಯದ ಕಥೆಯೂ ಇದೇ.

ಅದೇ ಸೀಮೆಯಲ್ಲಿ, ಅದೇ ಕಾಡಿನ ಅಂಚಿನಲ್ಲಿ, ಇನ್ನೊಂದು ಕಥೆಯೂ ಉಂಟು. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರು, ಬೆಟ್ಟಕುರುಬರು, ಯರವರು ಪರದೇಶದಿಂದ ಬಂದವರಲ್ಲ. ಈ ಮಣ್ಣಿನ ಮೊದಲ ಮಕ್ಕಳು. ರಾಜ್ಯದ ಉಚ್ಚ ನ್ಯಾಯಾಲಯವು ನೇಮಿಸಿದ, ಪ್ರೊ. ಮುಜಾಫ್ಫರ್ ಅಸ್ಸಾದಿಯವರ ನೇತೃತ್ವದ ಸಮಿತಿಯು 2014ರಲ್ಲಿ ಕೊಟ್ಟ ವರದಿಯಂತೆ, ಹೀಗೆ ಹೊರಬಿದ್ದ ಕುಟುಂಬಗಳು 3,418. ಇವರಲ್ಲಿ ಅನೇಕರು ಹಾಡಿಯಿಂದ ಹಾಡಿಗೆ ಚದುರಿ, ಕೊಡಗಿನ ಕಾಫಿ ತೋಟಗಳ ಕೂಲಿಯನ್ನು ನಂಬಿದರು. ಅವರ ದೇವರು ಕಾಡಿನಲ್ಲಿ ಉಳಿಯಿತು. ಹಿರಿಯರನ್ನು ಹೂಳಿದ ನೆಲ ಕಾಡಿನಲ್ಲಿ ಉಳಿಯಿತು. ಜೇನು, ಗೆಡ್ಡೆ, ಮದ್ದುಗಳ ವಿದ್ಯೆ ಕಾಡಿನ ಹೊರಗೆ ಬೆಲೆಯಿಲ್ಲದ್ದಾಯಿತು. ಕೆಲವು ಜೇನುಕುರುಬ ಕುಟುಂಬಗಳು ದಶಕಗಳು ಕಳೆದ ಮೇಲೆ, 2025ರ ಮೇ ತಿಂಗಳಲ್ಲಿ, ತಮ್ಮ ಹಳೆಯ ನೆಲೆಗೆ ಹಿಂತಿರುಗಿ ಗುಡಿಸಲು ಹಾಕಿಕೊಂಡುವು. ಈ ಜನರಲ್ಲಿ ಕುಡಿತವನ್ನು ಕಂಡು ನಾವು ಮೂಗುಮುರಿಯುತ್ತೇವೆ. ಅವರ ಮಕ್ಕಳು ಶಾಲೆ ಬಿಟ್ಟರೆ ‘ಅವರಿಗೆ ಆಸಕ್ತಿಯಿಲ್ಲ’ ಎನ್ನುತ್ತೇವೆ. ಆನೆಯ ಹೆಜ್ಜೆಯನ್ನು ಓದಿ, ಮರದ ತುದಿಯ ಹೆಜ್ಜೇನನ್ನು ಕೀಳಬಲ್ಲವನಿಗೆ ಧೈರ್ಯವನ್ನು ನಾವು ಕಲಿಸಬೇಕೆ? ಹೆಗ್ಗಡದೇವನಕೋಟೆಯ ಕಡೆ 1974ರಲ್ಲಿ ಪೂರ್ತಿಯಾದ ಕಬಿನಿ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರಿಗೂ ಈ ಪ್ರಶ್ನೆಯೇ ಸಲ್ಲುತ್ತದೆ. ಹೊಲಕ್ಕೆ ಬೆಲೆ ಕಟ್ಟಬಹುದು; ನೆರೆಹೊರೆಗೆ ಬೆಲೆ ಕಟ್ಟಿದ ಅಮಲ್ದಾರನನ್ನು ನಾವು ಕಾಣೆವು.

ಈಗ ರೈತರ ವಿಷಯಕ್ಕೆ ಬರೋಣ. ನಮ್ಮ ಕಡೆಯ ಹೊಗೆಸೊಪ್ಪಿನ ಬೆಳೆಗಾರನ ವರ್ಷವನ್ನು ಲೆಕ್ಕಹಾಕಿರಿ. ಸಸಿಮಡಿಗೆ ಸಾಲ, ಗೊಬ್ಬರಕ್ಕೆ ಸಾಲ, ಬ್ಯಾರನ್ನಿಗೆ ಸೌದೆಗೆ ಸಾಲ. ಸೊಪ್ಪನ್ನು ಹದಮಾಡುವ ದಿನಗಳಲ್ಲಿ ರಾತ್ರಿಯೆಲ್ಲ ಉರಿಯ ಮುಂದೆ ಜಾಗರಣೆ. ಮರುದಿನ ಅವನ ಮಕ್ಕಳು ಪಾಠಶಾಲೆಯಲ್ಲಿ ತೂಕಡಿಸುವುದನ್ನು ಉಪಾಧ್ಯಾಯರೆಲ್ಲರೂ ಕಂಡಿದ್ದಾರೆ. ಕಡೆಗೆ ತಂಬಾಕು ಮಂಡಳಿಯ ಹರಾಜುಕಟ್ಟೆಯಲ್ಲಿ ಕೊಳ್ಳುವವರು ಕೂಗಿದುದೇ ಬೆಲೆ. ಮಳೆ ಹೆಚ್ಚಾದರೆ ಸೊಪ್ಪು ಕೆಡುತ್ತದೆ. ಕಡಮೆಯಾದರೆ ಏಳುವುದೇ ಇಲ್ಲ. 2019ರ ಆಗಸ್ಟಿನಲ್ಲಿ ಕಪಿಲೆಯೂ ಲಕ್ಷ್ಮಣತೀರ್ಥವೂ ದಡಮೀರಿದುವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಇದಕ್ಕೆ ಮುಂಚೆ 2015ರ ಒಂದೇ ವರ್ಷದಲ್ಲಿ ಕರ್ನಾಟಕದಲ್ಲಿ 1,569 ಮಂದಿ ರೈತರೂ ಕೃಷಿಕೂಲಿಗಳೂ ತಾವಾಗಿ ಪ್ರಾಣಬಿಟ್ಟರೆಂದು ಕೇಂದ್ರ ಸರ್ಕಾರದ ಅಪರಾಧ ದಾಖಲೆಗಳು ಹೇಳಿದುವು. ಇಷ್ಟು ಮಂದಿಗೆ ಒಂದೇ ವರ್ಷದಲ್ಲಿ ಮನೋಬಲವು ಒಟ್ಟಿಗೆ ಕುಗ್ಗಿತೆನ್ನುವುದು ತರ್ಕವೆ? ಕಾರಣವನ್ನು ಸತ್ತವನ ಕುಡಿತದಲ್ಲಿ, ಅವನ ಮನೆಯ ಜಗಳದಲ್ಲಿ ಹುಡುಕಿ, ಅಲ್ಲಿಗೇ ವಿಚಾರಣೆಯನ್ನು ಮುಗಿಸುವುದು ಬದುಕಿರುವವರಿಗೆ ಅನುಕೂಲ. ಕುಡಿತವೂ ಇರಬಹುದು, ಜಗಳವೂ ಇರಬಹುದು. ಅವುಗಳ ಬೇರು ಎಲ್ಲಿದೆಯೆಂದು ಅಗೆದು ನೋಡುವುದು ನ್ಯಾಯ.

ಹೊರದೇಶದ ಒಂದು ನಿದರ್ಶನ ಇಲ್ಲಿ ಸಂಗತವಾಗಿದೆ. ಸಿಂಹಳದ್ವೀಪದಲ್ಲಿ, ಎಂದರೆ ಈಗಿನ ಶ್ರೀಲಂಕಾದಲ್ಲಿ, 1990ರ ದಶಕದ ನಡುವೆ ಆತ್ಮಹತ್ಯೆಗಳು ಲೋಕದಲ್ಲಿಯೇ ಅತಿಹೆಚ್ಚೆನ್ನುವಷ್ಟಿದ್ದುವು. ಅಲ್ಲಿನ ಸರ್ಕಾರವು ಅತ್ಯಂತ ಘೋರವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. ಮುಂದಿನ 20 ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ನೂರಕ್ಕೆ ಸುಮಾರು 70ರಷ್ಟು ಇಳಿಯಿತು. ಆ ಜನರ ಸ್ವಭಾವ ಬದಲಾಯಿತೆ? ಇಲ್ಲ, ಕೆಟ್ಟ ಗಳಿಗೆಯೊಂದು ಕಳೆದುಹೋಗುವುದಕ್ಕೆ ಅವಕಾಶ ದೊರೆಯಿತು, ಗಳಿಗೆ ಕಳೆದವರು ಬದುಕಿದರು. ಹಾಗೆಯೇ 2007ರಲ್ಲಿ ವಿಶ್ವಸಂಸ್ಥೆಯ ಅಂಗಗಳೂ ಇತರ ಪರಿಹಾರ ಸಂಸ್ಥೆಗಳೂ ಕೂಡಿ, ವಿಪತ್ತಿನಲ್ಲಿ ಸಿಕ್ಕಿದವರ ಮನಸ್ಸನ್ನು ಕಾಯುವ ಬಗೆಗೆ ಒಂದು ಕ್ರಮವನ್ನು ಗೊತ್ತುಮಾಡಿದುವು. ಅದು ಗೋಪುರದಂತಿದೆ: ಬುಡದಲ್ಲಿ ಅನ್ನ, ನೀರು, ಆಶ್ರಯ, ಅಭಯ, ಅದರ ಮೇಲೆ ಕುಟುಂಬವೂ ನೆರೆಹೊರೆಯೂ, ಅದರ ಮೇಲೆ ತರಬೇತಾದವರ ಆರೈಕೆ, ತುದಿಯಲ್ಲಿ ಮಾನಸಿಕ ವೈದ್ಯ. ನಮ್ಮ ಉಪದೇಶಕರು ಬುಡವನ್ನೂ ಕಟ್ಟದೆ ತುದಿಯನ್ನೂ ಕಟ್ಟದೆ, ಬರಿಯ ಕಲಶವನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ‘ಹಾಗಾದರೆ ದೈವಭಕ್ತಿ, ಭಜನೆ, ಪುರಾಣಶ್ರವಣ ಇವೆಲ್ಲ ವ್ಯರ್ಥವೆ?’ ಸರ್ವಥಾ ಅಲ್ಲ. ಭಜನೆಯ ಮನೆಯಲ್ಲಿ ನೊಂದವನಿಗೆ ಸಮಾಧಾನ ಸಿಕ್ಕುವುದು ನಿಜ. ಆದರೆ ಅಲ್ಲಿ ಪಕ್ಕದಲ್ಲಿ ಹತ್ತು ಮಂದಿ ಕುಳಿತಿರುತ್ತಾರೆ. ಒಂದು ವಾರ ಬಾರದಿದ್ದರೆ ‘ಏಕಪ್ಪ ಬರಲಿಲ್ಲ?’ ಎಂದು ಯಾರಾದರೂ ಮನೆಗೆ ಬರುತ್ತಾರೆ. ಆ ವಿಚಾರಣೆಯೂ ಭಕ್ತಿಯ ಅಂಗವೇ. ಒಂಟಿಯಾಗಿ ಕುಳಿತವನ ಕೈಗೆ ಉಪದೇಶದ ಪುಸ್ತಕವನ್ನಿತ್ತು ಬಂದುಬಿಟ್ಟರೆ ಭಜನೆಯ ಫಲ ಬಾರದು.

ಇನ್ನೊಂದು ಆಕ್ಷೇಪ: ‘ಎಲ್ಲವನ್ನೂ ಸರ್ಕಾರವೇ ಮಾಡಬೇಕೆ?’ ಸರ್ಕಾರ ಮಾಡಬೇಕಾದುದನ್ನು ಸರ್ಕಾರವೇ ಮಾಡಬೇಕು. ಪರಿಹಾರದ ಹಣ ಎರಡು ವರ್ಷ ತಡವಾದರೆ ಅದು ಪರಿಹಾರವಲ್ಲ. ಆದರೆ ವಿದ್ಯಾವಂತರ ಮನೆಗಳ ಕರ್ತವ್ಯ ಬೇರೆಯುಂಟು. ಮೊದಲನೆಯದು, ಮನಸ್ಸಿನ ವ್ಯಾಧಿಯನ್ನು ಮುಚ್ಚಿಡುವ ಚಾಳಿಯನ್ನು ಬಿಡುವುದು. ನಮ್ಮವರಿಗೇ ನಿದ್ರೆ ಕೆಟ್ಟು, ಅನ್ನ ಸೇರದೆ, ಬದುಕು ಬೇಡವೆನಿಸಿದಾಗ ನಾವು ಸಂಬಂಧ ತಪ್ಪೀತೆಂದು ಹೆದರಿ ಬಾಗಿಲು ಹಾಕಿಕೊಳ್ಳುತ್ತೇವೆ. ಪರರಿಗೆ ಮಾತ್ರ ಧೈರ್ಯವನ್ನು ಹಂಚುತ್ತೇವೆ. ಕಾನೂನು ನಮಗಿಂತ ಮುಂದೆ ಹೋಗಿದೆ: 2017ರ ಮಾನಸಿಕ ಆರೋಗ್ಯ ಕಾಯಿದೆಯು, ಪ್ರಾಣವನ್ನು ನೀಗಿಕೊಳ್ಳಲು ಯತ್ನಿಸಿದವನನ್ನು ತೀವ್ರವಾದ ಒತ್ತಡಕ್ಕೆ ಸಿಕ್ಕಿದವನೆಂದೇ ಭಾವಿಸಬೇಕು, ದಂಡಿಸಕೂಡದು, ಅವನ ಆರೈಕೆ ಸರ್ಕಾರದ ಹೊಣೆ ಎಂದು ವಿಧಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ವ್ಯವಸ್ಥೆಯ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ, ಹಗಲಾಗಲಿ ರಾತ್ರಿಯಾಗಲಿ, ಕನ್ನಡದಲ್ಲಿಯೇ ಕಷ್ಟವನ್ನು ಕೇಳುವವರಿದ್ದಾರೆ, ಖರ್ಚಿಲ್ಲ. ಈ ಸಂಖ್ಯೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಮನೆಗಳೆಷ್ಟು?

ಎರಡನೆಯದು, ನೊಂದವರ ಮನೆಗೆ ಕಾಲಿಡುವುದು. ಸಾವಾದ ಮನೆಗೆ ಮೂರು ದಿನ ಊರೆಲ್ಲ ಬರುತ್ತದೆ. ಮೂರು ತಿಂಗಳಾದ ಮೇಲೆ ಸಾಲಗಾರನೊಬ್ಬನೇ ಬರುತ್ತಾನೆ. ಆಗ ಹೋಗಿರಿ. ವಿಧವೆಯಾದವಳ ಅರ್ಜಿಯನ್ನು ಬರೆದುಕೊಡಿರಿ; ತಾಲ್ಲೂಕು ಕಚೇರಿಗೆ ಜೊತೆಯಾಗಿ ನಡೆಯಿರಿ; ಮಕ್ಕಳ ಪಾಠವನ್ನು ನೋಡಿಕೊಳ್ಳಿರಿ. ಮೂರನೆಯದು, ಊರನ್ನೆಬ್ಬಿಸುವ ಯೋಜನೆ ಯಾವುದೇ ಬಂದರೂ, ಎಷ್ಟು ಹಣವೆಂದು ಕೇಳುವುದರ ಜೊತೆಗೆ, ಊರು ಒಟ್ಟಾಗಿ ಹೋಗುವುದೋ ಚದುರುವುದೋ ಎಂದು ಗಟ್ಟಿಯಾಗಿ ಕೇಳುವುದು. ಈ ಮೂರನ್ನು ಮಾಡಿದವರು ಧೈರ್ಯದ ಮಾತನ್ನಾಡಲಿ. ಅದಕ್ಕೆ ತೂಕ ಬರುತ್ತದೆ. ಮಾಡದವರು ಸುಮ್ಮನಿರುವುದು ಲೇಸು. ಧೈರ್ಯವೆಂಬುದು ದಾನಮಾಡುವ ಮಾತಲ್ಲ. ಕೂಡಿ ಹೊರುವ ಭಾರ.