ಎಡೆದೊರೆ ನಾಡಿನಲ್ಲಿ ಬಾಡಿಗೆಯ ಮೋಟಾರು

ರಜೆ ಹತ್ತಿರ ಬಂದಿತೆಂದರೆ ನಮ್ಮ ನಗರದ ಮನೆಗಳಲ್ಲಿ ಮಾತು ತಾನಾಗಿ ಕಡಲಿನ ಕಡೆಗೆ ಹೊರಳುತ್ತದೆ. ಮಂಗಳೂರೋ ಕಾರವಾರವೋ ಗೋವೆಯೋ, ಎಲ್ಲಿಯಾದರೂ ಇಳಿದು ಒಂದು ಬಾಡಿಗೆಯ ಮೋಟಾರು ಹಿಡಿದು, ಬಿಸಿಲಿನಲ್ಲಿ ಮನದಣಿಯೆ ಸುತ್ತಿ ಬರುವುದೇ ಪ್ರವಾಸವೆಂದು ತಿಳಿದವರು ಬಹಳ. ಅದು ತಪ್ಪೆಂದು ಹೇಳಲಾರೆ. ಆದರೆ ಬಿಸಿಲನ್ನು ಕಡಲತೀರವೇನೂ ಗುತ್ತಿಗೆಗೆ ಹಿಡಿದಿಲ್ಲವಷ್ಟೆ! ಬಿಸಿಲೇ ಬೇಕೆನ್ನುವವರಿಗೆ ರಾಯಚೂರಿನಲ್ಲಿ ಅದು ಬೇಕಾದಷ್ಟು ದೊರೆಯುತ್ತದೆ. ಕಡಲಿಲ್ಲ, ನಿಜ, ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಶಾಸನಗಳು ಎಡೆದೊರೆ ಎಂದು ಕರೆದ ನಾಡು.

ವಾಚಕರಲ್ಲಿ ಅನೇಕರು ರಾಯಚೂರನ್ನು ಬಲ್ಲುದು ರೈಲಿನ ಕಿಟಕಿಯಿಂದ ಮಾತ್ರ. ಬೊಂಬಾಯಿಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ಈ ಊರಿನಲ್ಲಿಯೇ ಒಂದನ್ನೊಂದು ಕೂಡಿದುವು. ಅಂದಿನಿಂದ ಇಂದಿನವರೆಗೆ ಲಕ್ಷಾಂತರ ಜನ ಇಲ್ಲಿ ಚಹಾ ಕುಡಿದು, ಊರನ್ನು ನೋಡದೆ ಮುಂದೆ ಹೋಗಿದ್ದಾರೆ. ಒಮ್ಮೆ ಇಳಿಯಿರಿ ಎಂದು ಹೇಳುವುದಕ್ಕಾಗಿಯೇ ಈ ವಾರದ ಅಂಕಣ.

ಮೊದಲು ವ್ಯವಹಾರದ ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿಯನ್ನು ದಾಟುವುದು ಅಲ್ಲಿ ವಿಶೇಷವಲ್ಲ. ಮಕ್ಕಳನ್ನೂ ವೃದ್ಧರನ್ನೂ ಆಗ ಕರೆದೊಯ್ಯುವುದು ಸಾಹಸವೆನಿಸೀತು. ಮೋಟಾರನ್ನು ರಾಯಚೂರಿನಲ್ಲಿಯೇ, ಚಾಲಕನ ಸಮೇತ ಗೊತ್ತುಮಾಡಿರಿ. ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ದೂರದ ಲೆಕ್ಕ, ಚಾಲಕನ ಭತ್ಯವೆಷ್ಟು ಎಂಬ ಮೂರನ್ನೂ ಹೊರಡುವ ಮೊದಲೇ ಒಂದು ಚೀಟಿಯಲ್ಲಿ ಬರೆಯಿಸಿಕೊಂಡರೆ ಸಂಜೆಯ ಮಾತು ಸಿಹಿಯಾಗಿರುತ್ತದೆ. ತಾವೇ ನಡೆಸಬೇಕೆಂಬ ಹುಮ್ಮಸ್ಸಿನ ತರುಣರಿಗೆ ಒಂದು ಮಾತು: ಎರೆಭೂಮಿಯ ಅಡ್ಡದಾರಿಗಳು ಒಂದು ಮಳೆ ಬಿದ್ದರೆ ಸಾಕು, ಗಾಲಿಯನ್ನು ಹಿಡಿದುಕೊಂಡು ಬಿಡುವುದಿಲ್ಲ. ಅದೂ ಅಲ್ಲದೆ ಕನ್ನಡ, ಉರ್ದು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಸ್ಥಳೀಯ ಚಾಲಕನಿಗಿಂತ ಒಳ್ಳೆಯ ಮಾರ್ಗದರ್ಶಿ ಪುಸ್ತಕ ಆ ಸೀಮೆಗೆ ಇನ್ನೊಂದಿಲ್ಲ.

ಮೊದಲನೆಯ ದಿನ ಬೆಳಗ್ಗೆ, ಬಿಸಿಲೇರುವ ಮುನ್ನ, ಕೋಟೆ. ಒಳಗೋಡೆ ಕಾಕತೀಯರ ಕಾಲದ್ದು. ಹೊರಗೋಡೆ ಬಿಜಾಪುರದ ಆದಿಲಶಾಹಿಗಳದು. ಒಳಗೋಡೆಯಲ್ಲಿ 40 ಅಡಿಗೂ ಮೀರಿದ ಉದ್ದದ ಒಂದೇ ಕಲ್ಲು ಸೇರಿದೆ. ಕಾಕತೀಯರ ದಂಡನಾಯಕ ವಿಠ್ಠಲನು ಕೋಟೆ ಕಟ್ಟಿಸಿದ ವಿಚಾರವನ್ನು 1294ರಲ್ಲಿ ಅದರ ಮೇಲೆ ಕೊರೆಯಿಸಿದ್ದಾರೆ. ಅಕ್ಷರ ಓದಲು ಬಾರದಿದ್ದರೆ ಚಿಂತೆಯಿಲ್ಲ. ಅಲ್ಲಿಯೇ ಗೆರೆಯಲ್ಲಿ ಕೆತ್ತಿದ ಚಿತ್ರವೊಂದಿದೆ, ಅದನ್ನು ಮಕ್ಕಳಿಗೆ ತೋರಿಸಿರಿ. ಆ ಬಂಡೆಯನ್ನು ಉದ್ದನೆಯ ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಕೋಣಗಳ ಸಾಲು; ನಡುನಡುವೆ ಅವನ್ನು ಹುರಿದುಂಬಿಸುವ ಆಳುಗಳು; ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುತ್ತಿರುವವರು. ದೊರೆಯ ಹೆಸರನ್ನು ಕೆತ್ತಿಸಿದ ಶಾಸನಗಳು ನಾಡಿನಲ್ಲಿ ಸಾವಿರಾರು ಇವೆ. ಹೊರೆ ಎಳೆದವರ ಚಿತ್ರವನ್ನು ಹೊರೆಯ ಮೇಲೆಯೇ ಬರೆದಿಟ್ಟ ಉದಾಹರಣೆ ಎಷ್ಟು ಅಪರೂಪ! ನನಗಂತೂ ಇಡೀ ಕೋಟೆಗಿಂತ ಈ ಗೆರೆಚಿತ್ರವೇ ದೊಡ್ಡದಾಗಿ ಕಾಣುತ್ತದೆ.

ಈ ಕೋಟೆಗಾಗಿ ನಡೆದ ಯುದ್ಧಗಳ ಪಟ್ಟಿಯನ್ನು ಕೊಟ್ಟು ವಾಚಕರನ್ನು ದಣಿಸುವುದಿಲ್ಲ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿ ಇದನ್ನು ಗೆದ್ದನು. ಮುತ್ತಿಗೆಯಲ್ಲಿ ಪೋರ್ತುಗೀಸ್ ಬಂದೂಕುಗಾರರು ಅವನಿಗೆ ನೆರವಾದರು. ಮುಂದೆ ನಿಜಾಮರ ರಾಜ್ಯ, 1853ರಿಂದ 1860ರವರೆಗೆ ಬ್ರಿಟಿಷರ ಕೈ, ಮತ್ತೆ ನಿಜಾಮರು, 1956ರಲ್ಲಿ ಮೈಸೂರು ರಾಜ್ಯ. ಊರೊಳಗೆ 1513ರ ಒಂದು ಮಿನಾರಿನ ಮಸೀದಿಯನ್ನು ನೋಡಿಕೊಂಡು, ಸಮಯವಿದ್ದರೆ ಉತ್ತರಕ್ಕೆ ಕೃಷ್ಣೆಯ ಸೇತುವೆಯವರೆಗೆ ಹೋಗಿಬನ್ನಿ. ದಾರಿಯಲ್ಲಿ ಶಕ್ತಿನಗರದ ಹೊಗೆಕೊಳವೆಗಳು ಕಾಣುತ್ತವೆ. ಅಲ್ಲಿಯ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಬೆಂಗಳೂರಿನ ನಮ್ಮ ಮನೆಯ ದೀಪದಲ್ಲಿ ರಾಯಚೂರಿನ ಬೂದಿಯ ಪಾಲೂ ಇದೆ.

ಎರಡನೆಯ ದಿನವನ್ನು ಪೂರ್ತಿಯಾಗಿ ಹಳ್ಳಿಗಾಡಿಗೆ ಮೀಸಲಿಡಬೇಕು. ರಾಯಚೂರು, ದೇವದುರ್ಗ, ಮಾನ್ವಿ ಎಂಬ ಮೂರು ಬಿಂದುಗಳನ್ನು ಕೂಡಿಸಿದರೆ ಒಂದು ತ್ರಿಕೋಣವಾಗುತ್ತದೆ. ಒಂದೊಂದು ಭುಜವೂ ಹೆಚ್ಚುಕಡಿಮೆ 50 ಕಿಲೋಮೀಟರು. ಬಸ್ಸುಗಳಿವೆ, ಆದರೆ ಬಸ್ಸು ನಿಲ್ಲುವುದು ತನ್ನ ನಿಲ್ದಾಣದಲ್ಲಿ. ಬಾಡಿಗೆಯ ಮೋಟಾರಿನ ಬೆಲೆ ತಿಳಿಯುವುದು ಗಬ್ಬೂರಿನಂತಹ ಊರಿನಲ್ಲಿ. ದೇವದುರ್ಗದ ದಾರಿಯಲ್ಲಿರುವ ಈ ಗ್ರಾಮ ಒಂದು ಕಾಲಕ್ಕೆ ವಿದ್ಯೆಗೆ ಹೆಸರಾಗಿತ್ತು. ಗಲ್ಲಿಗೊಂದರಂತೆ ಹಳೆಯ ಗುಡಿಗಳು, ಶಾಸನದ ಕಲ್ಲುಗಳು. ಮಲೆ ಶಂಕರನ ಗುಡಿಯನ್ನು ತಪ್ಪದೆ ನೋಡಬೇಕು. ಇಂತಹ ಊರುಗಳಲ್ಲಿ ನೋಡಲು ಹೋದವರ ಕುತೂಹಲವೇ ಕಲ್ಲುಗಳಿಗೆ ಕಾವಲು. ಕೇಳುವವರು ಬಂದರೆ ತೋರಿಸುವವರು ಅದನ್ನು ಜೋಪಾನಮಾಡುತ್ತಾರೆ.

ದೇವದುರ್ಗ ಬೇಡ ನಾಯಕರ ನೆಲೆಯಾಗಿದ್ದ ಊರು. ಊಟಕ್ಕೆ ಜೋಳದ ರೊಟ್ಟಿ ಸಿಕ್ಕಲ್ಲಿ ಬೇರೇನನ್ನೂ ಕೇಳಬೇಡಿ. ಈ ರೊಟ್ಟಿಗೂ ಮುಂದಿನ ದಾರಿಗೂ ಸಂಬಂಧವುಂಟು.

ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರ ಹುಟ್ಟೂರು. ಮಾನ್ವಿಯ ಕಡೆಯ ಚೀಕಲಪರ್ವಿ ವಿಜಯದಾಸರದು. ಮಾನ್ವಿಯಲ್ಲಿ ನೆಲೆಸಿದವರು ಭಾಮಿನೀ ಷಟ್ಪದಿಯಲ್ಲಿ ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು. ಸಂಪ್ರದಾಯದಲ್ಲಿ ಒಂದು ಕಥೆಯಿದೆ. ಆಗಿನ್ನೂ ಶ್ರೀನಿವಾಸಾಚಾರ್ಯರಾಗಿದ್ದ ಈ ಪಂಡಿತರಿಗೆ ಕನ್ನಡದ ಹಾಡುಗಾರರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆಯ ಬೇನೆಯ ನೆಪ ಹೇಳಿ ಹೋಗಲಿಲ್ಲ. ನೆಪವೇ ನಿಜವಾಗಿ ಬೇನೆ ಬಂದಿತು. ಕೊನೆಗೆ ಅವರು ವಿಜಯದಾಸರಲ್ಲಿ ಶರಣಾದರು. ಅವರು ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯೊಡನೆ ತಮ್ಮ ಆಯುಸ್ಸಿನ 40 ವರ್ಷಗಳನ್ನೇ ಧಾರೆಯೆರೆದರು ಎಂದು ಪ್ರತೀತಿ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ವಿದ್ಯೆಯ ಜಂಬ ಇಳಿಯಲು ಹಿಡಿದ ದಾರಿ ಎಷ್ಟು ಉದ್ದವಾಗಿತ್ತೆಂಬುದನ್ನು ಈ ಹಾದಿಗಳಲ್ಲಿ ಕಾಲು ಚಾಚಿ ಕುಳಿತು ಹೋಗುವಾಗ ಎಣಿಸಬಹುದು.

ಮಾನ್ವಿಯ ದಾರಿಯಲ್ಲಿ ಕಿಟಕಿಯ ಆಚೆಗೆ ಗಮನವಿಡಿ. ಒಂದು ಕಡೆ ಕಣ್ಣು ತುಂಬುವ ಭತ್ತದ ಹಸಿರು. ಸ್ವಲ್ಪ ಮುಂದೆ ಬಿರಿದ ಎರೆ, ಬಡಕಲು ಹತ್ತಿ. ನಡುವೆ ಮಣ್ಣು ಬದಲಾಗುವುದಿಲ್ಲ, ಆಕಾಶ ಬದಲಾಗುವುದಿಲ್ಲ. ಬದಲಾಗುವುದು ಕಾಲುವೆ. 1953ರಲ್ಲಿ ನೀರು ತುಂಬಿದ ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬಹುಪಾಲು ಜೋಳ, ಹತ್ತಿಗಳಂತಹ ಮಿತನೀರಿನ ಬೆಳೆಗಳಿಗಾಗಿ. ಮೇಲಿನ ಭಾಗದಲ್ಲಿ ಭತ್ತ ಹಬ್ಬಿತು. ಕೆಳಗಿನ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತ ಕಾಲುವೆಯ ಕೊನೆಯಲ್ಲಿ ನಿಂತು ನೀರಿನ ದಾರಿ ಕಾಯುವವನಾದ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾದಾಗ, ತುಂಬಿದ ನೀರು ಸುಮಾರು ಒಂದು ವಾರ ಹೊಳೆಗೆ ಹರಿದು ಹೋಯಿತು. ಆ ವಾರ ಈ ಕೊನೆಯ ಹಳ್ಳಿಗಳಲ್ಲಿ ಯಾರು ನೆಮ್ಮದಿಯಿಂದ ಮಲಗಿದ್ದಾರು? ಎರಡು ಹೊಳೆಗಳ ನಡುವಿನ ನೆಲಕ್ಕಾಗಿ ದೊರೆಗಳು ಶತಮಾನಗಳ ಕಾಲ ಹೋರಾಡಿದರು. ಇಂದಿನ ವ್ಯಾಜ್ಯ ಕಾಲುವೆಯ ಅಳತೆಗೋಲಿನ ಕೆಲವು ಅಂಗುಲಗಳದ್ದು. ನಮ್ಮ ಅಡಿಗೆಮನೆಯ ಸೋನಾ ಮಸೂರಿ ಈ ಸೀಮೆಯಿಂದ ಬರುತ್ತದೆ. ಆದುದರಿಂದ ಗೃಹಿಣಿಯರು ಒಂದು ಕಾಲುವೆಯ ಬಳಿ ಮೋಟಾರು ನಿಲ್ಲಿಸಿ, ನೀರು ಎಂದು ಬಂದಿತೆಂದು ಅಲ್ಲಿದ್ದವರನ್ನು ಕೇಳಬೇಕೆಂದು ನನ್ನ ಕೋರಿಕೆ. ಉತ್ತರ ಕೊಡದವರು ಯಾರೂ ಸಿಕ್ಕಲಾರರು.

ಮಾನ್ವಿಯಲ್ಲಿ ದಾಸರ ಮನೆಯ ಕಂಬವನ್ನು ನೋಡಿ, ಬೆಳಕಿರುವಾಗಲೇ ಚೀಕಲಪರ್ವಿಗೆ ಹೋಗಿ ತುಂಗಭದ್ರೆಯ ದಡದಲ್ಲಿ ಸ್ವಲ್ಪ ಹೊತ್ತು ಕುಳಿತಿರಬಹುದು. ಹಿಂದಿರುಗುವಾಗ ಚಾಲಕನನ್ನು ಅವಸರಪಡಿಸಬೇಡಿ. ಸುಗ್ಗಿಯ ದಿನಗಳಲ್ಲಿ ಆ ರಸ್ತೆಯ ಮೇಲೆ ಭತ್ತ, ಹತ್ತಿ ಹೇರಿದ ಟ್ರಾಕ್ಟರುಗಳು ಹಿಂದೀಪವಿಲ್ಲದೆ ಸಾಗುತ್ತಿರುತ್ತವೆ. ರಾತ್ರಿಯ ರೈಲಿಗೆ ಎರಡು ಗಂಟೆ ಹೆಚ್ಚಿಗೆ ಇಟ್ಟುಕೊಂಡೇ ಮಾನ್ವಿಯನ್ನು ಬಿಡಿರಿ.