ಈಗ ಲೈಟ್ ಬರ್ತಿಲ್ವಲ್ಲ ಸರ್!

ಮೂರು ತಿಂಗಳ ಹಿಂದೆ, ಒಂದು ಭಾನುವಾರ, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆ. ಮೈಸೂರಿನವರಿಗೆ ಇದೇನು ಹೇಳಿಕೊಳ್ಳುವಂಥ ವಿಷಯವಲ್ಲ ಬಿಡಿ. ಬೆಂಗಳೂರಲ್ಲಿ ಕೂತು ಕೋಡ್ ಬರೆಯುವ ನಾನು ಊರಿಗೆ ಬಂದಾಗಲೆಲ್ಲ ಅಮ್ಮ "ಒಂದ್ಸಲ ತಾಯಿ ಮುಖ ನೋಡ್ಕೊಂಡು ಬಂದ್ಬಿಡೋಣ ಕಣೋ" ಅನ್ನುತ್ತಾಳೆ, ನಾನು ಹೂಂ ಅನ್ನುತ್ತೇನೆ. ಕಾರು ಕೊಂಡು ಆಗಿನ್ನೂ ಹದಿನಾಲ್ಕು ತಿಂಗಳು. ಅಮ್ಮ ಪೂಜೆ ಮಾಡಿಸಿ ಕಟ್ಟಿದ್ದ ಕೆಂಪು ದಾರ ಕನ್ನಡಿಯಲ್ಲಿ ಹಾಗೇ ಇತ್ತು.

ದರ್ಶನ ಆಯ್ತು, ಮಹಿಷಾಸುರನ ಮುಂದೆ ಫೋಟೊ ಆಯ್ತು, ಸೌತೆಕಾಯಿ ಉಪ್ಪು ಖಾರ ಆಯ್ತು. ಇಳಿಯುವಾಗ, ಮೈಸೂರು ಪೂರ್ತಿ ಕಾಣುತ್ತದಲ್ಲ ಆ ಜಾಗ ದಾಟಿ ಒಂದು ತಿರುವು ತೆಗೆದುಕೊಂಡು ಇನ್ನೊಂದಕ್ಕೆ ಕೈ ಹಾಕಿದ್ದೆ ಅಷ್ಟೆ. ಟಿಂಗ್ ಅಂತ ಒಂದು ಸದ್ದು. ಮೀಟರಿನಲ್ಲಿ ಹಳದಿ ಬಣ್ಣದ ಪುಟ್ಟ ಸ್ಟೀರಿಂಗ್ ಚಿತ್ರ, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ. ಆಶ್ಚರ್ಯ ಅದಕ್ಕಲ್ಲ, ನನಗೆ! ಒಂದು ಕ್ಷಣದ ಹಿಂದೆ ಒಂದೇ ಬೆರಳಿಗೆ ತಿರುಗುತ್ತಿದ್ದ ಸ್ಟೀರಿಂಗ್ ರುಬ್ಬುಗುಂಡಿನ ಹಾಗೆ ಕೂತುಬಿಟ್ಟಿತು. ಎದುರಿಗೆ ತಡೆಗೋಡೆ, ಅದರಾಚೆ ಗಾಳಿ, ಗಾಳಿಯ ಕೆಳಗೆ ಇಡೀ ಮೈಸೂರು.

ಸ್ಟೀರಿಂಗ್ ಲಾಕ್ ಆಯ್ತು ಅಂದುಕೊಂಡೆ. ಆಗಿರಲಿಲ್ಲ. ಅದು ಗೊತ್ತಾಗಿದ್ದು ಅಪ್ಪನಿಂದ. ಪಕ್ಕದಲ್ಲಿ ಕೂತಿದ್ದ ಅವರು ದನಿ ಏರಿಸದೆ ಹೇಳಿದರು: "ಎರಡೂ ಕೈಯಲ್ಲಿ ಹಿಡಿ. ಬ್ರೇಕ್ ಇದೆಯಲ್ಲ, ನಿಧಾನ ಮಾಡು. ಪೂರ್ತಿ ನಿಲ್ಲಿಸ್ಬೇಡ, ಉರುಳ್ತಾ ಇರುವಾಗಲೇ ಎಳಿ, ಬರುತ್ತೆ." ಎಳೆದೆ. ಬಂತು. ಭುಜದಿಂದ ಎಳೆಯಬೇಕಾಯಿತು, ಆದರೆ ಬಂತು. ಹಿಂದಿನ ಸೀಟಿನಲ್ಲಿ ಅಮ್ಮ ಕುಂಕುಮದ ಪೊಟ್ಟಣ ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು. 2021ರ ಅಕ್ಟೋಬರ್ ಮಳೆಯಲ್ಲಿ ನಂದಿ ಕಡೆಯ ರಸ್ತೆಯ ಅಂಚು ಹೇಗೆ ಜರಿದು ಕೆಳಗೆ ಹೋಗಿತ್ತು ಅನ್ನುವುದು ನೋಡಿದವರಿಗೆ ಆ ಅಂಚಿನ ಮೇಲೆ ಎಷ್ಟು ನಂಬಿಕೆ ಇಡಬಹುದು ಅಂತ ಗೊತ್ತು.

ಸ್ವಲ್ಪ ಅಗಲ ಇದ್ದ ಕಡೆ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಕೀ ಆಫ್ ಮಾಡಿ ಆನ್ ಮಾಡಿದೆ (ನಮ್ಮ ವೃತ್ತಿಯ ಮೊದಲ ಮತ್ತು ಕೊನೆಯ ಮದ್ದು :) ). ಲೈಟ್ ಹೋಗಲಿಲ್ಲ. ಇಪ್ಪತ್ತು ನಿಮಿಷ ಕಾದು, ಸೆಕೆಂಡ್ ಗೇರಿನಲ್ಲಿ, ಎರಡೂ ಕೈಯಲ್ಲಿ ಎಳೆದುಕೊಂಡು ತಾವರೆಕಟ್ಟೆ ಮುಟ್ಟಿದೆವು. ಹಿಂದೆ ಹಾರ್ನ್ ಹೊಡೆಯುತ್ತಿದ್ದವರಿಗೆಲ್ಲ ಅಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ "ಹೋಗಿ ಹೋಗಿ" ಅಂತ ದಾರಿ ತೋರಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಲೈಟೇ ಇಲ್ಲ! ಸ್ಟೀರಿಂಗ್ ಬೆಣ್ಣೆ. ಆದರೂ ಸರ್ವಿಸ್ ಸೆಂಟರಿಗೆ ತೆಗೆದುಕೊಂಡು ಹೋದೆ. ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ಯಾನರ್ ಸಿಕ್ಕಿಸಿದರು, ಹತ್ತು ನಿಮಿಷಕ್ಕೆ ಗಾಡಿ ವಾಪಸ್.

"ಏನೂ ಪ್ರಾಬ್ಲಂ ಇಲ್ಲ ಸರ್."

"ನಿನ್ನೆ ಬೆಟ್ಟದಲ್ಲಿ ಸ್ಟೀರಿಂಗೇ ತಿರುಗ್ತಿರಲಿಲ್ಲ ರೀ."

"ಈಗ ಲೈಟ್ ಬರ್ತಿಲ್ವಲ್ಲ ಸರ್!"

"ಸ್ಕ್ಯಾನರಲ್ಲಿ ಏನಾದ್ರೂ ಕೋಡ್ ಇತ್ತಾ?"

"ಇತ್ತು ಸರ್. ಕ್ಲಿಯರ್ ಮಾಡಿದೀವಿ."

"ಯಾವ ಕೋಡು?"

"ಅದು... ಸ್ಟೀರಿಂಗ್‌ದೇ ಸರ್."

ಜಾಬ್ ಕಾರ್ಡಿನಲ್ಲಿ ಬರೆದದ್ದು: ಪರೀಕ್ಷಿಸಲಾಗಿದೆ, ತೊಂದರೆ ಕಂಡುಬಂದಿಲ್ಲ.

ಈ ಸಂಭಾಷಣೆಗಾಗಿಯೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಯಂತ್ರ ಕೆಟ್ಟಿದ್ದಕ್ಕೆ ನನಗೆ ಕೋಪ ಇಲ್ಲ, ಯಂತ್ರ ಅಂದಮೇಲೆ ಕೆಡುತ್ತದೆ. ಆದರೆ ಕೆಟ್ಟಿದ್ದನ್ನು ಆ ಕಾರು ತಾನೇ ಬರೆದಿಟ್ಟುಕೊಂಡಿತ್ತು, ಅದನ್ನು ನನಗೆ ತೋರಿಸದೆ ಅಳಿಸಿಹಾಕಿ, ಆಮೇಲೆ ಏನೂ ಇಲ್ಲ ಅಂದರಲ್ಲ, ಅದು ಹೊಟ್ಟೆ ಉರಿಸಿತು. ನಮ್ಮ ಆಫೀಸಿನಲ್ಲಿ ಯಾರಾದರೂ ಸರ್ವರ್ ಬಿದ್ದಾಗ ಲಾಗ್ ಫೈಲ್ ಡಿಲೀಟ್ ಮಾಡಿ "ಬಗ್ ಇಲ್ಲ" ಅಂದರೆ ಅವತ್ತೇ ಮೀಟಿಂಗ್ ಕರೆಯುತ್ತಾರೆ. (ಹಾಗಂತ ನಾನೇನು ಸಾಚಾ ಅಲ್ಲ. "ನನ್ನ ಮಷೀನಿನಲ್ಲಿ ಸರಿಯಾಗಿ ಓಡ್ತಿದೆ" ಅಂತ ಬರೆದು ಮುಚ್ಚಿದ ಬಗ್‌ಗಳ ಲೆಕ್ಕ ನನ್ನ ಹೆಸರಿನಲ್ಲೂ ಇದೆ. ಆ ಬಗ್‌ಗಳ ಇನ್ನೊಂದು ತುದಿಯಲ್ಲಿ ಯಾರು ಕೂತಿದ್ದರೋ ಪಾಪ.)

ಈ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಹೇಗೆ ಕೆಲಸ ಮಾಡುತ್ತದೆ ಅಂತ ಆಮೇಲೆ ಕೂತು ಓದಿದೆ. ಮುಂಚೆ ಪವರ್ ಸ್ಟೀರಿಂಗ್ ಅಂದರೆ ಎಂಜಿನ್ನಿನ ಬೆಲ್ಟಿನಿಂದ ಓಡುವ ಆಯಿಲ್ ಪಂಪು. ಈಗ ಸಣ್ಣ ಕಾರುಗಳಲ್ಲಿ ಸ್ಟೀರಿಂಗ್ ಕಂಬಕ್ಕೇ ಒಂದು ಮೋಟಾರ್ ಕೂರಿಸಿರುತ್ತಾರೆ. ಕಂಬದ ಮಧ್ಯೆ ತೆಳ್ಳಗಿನ ಒಂದು ಉಕ್ಕಿನ ಸರಳು. ನೀವು ತಿರುಗಿಸಿದಾಗ ಅದು ಒಂದಿಷ್ಟೇ ಇಷ್ಟು ತಿರುಚಿಕೊಳ್ಳುತ್ತದೆ. ಎಷ್ಟು ತಿರುಚಿತು ಅಂತ ಒಂದು ಸೆನ್ಸರ್ ಅಳೆಯುತ್ತದೆ, ಗಾಡಿಯ ವೇಗ ಎಷ್ಟಿದೆ ಅನ್ನುವುದನ್ನೂ ನೋಡಿಕೊಂಡು ಒಂದು ಪುಟ್ಟ ಕಂಪ್ಯೂಟರ್ ಮೋಟಾರಿಗೆ ಇಂತಿಷ್ಟು ತಳ್ಳು ಅಂತ ಹೇಳುತ್ತದೆ. ಪಾರ್ಕಿಂಗಿನಲ್ಲಿ ಜಾಸ್ತಿ, ಹೆದ್ದಾರಿಯಲ್ಲಿ ಕಡಿಮೆ. 1988ರಲ್ಲಿ ಜಪಾನಿನಲ್ಲಿ ಸುಜುಕಿಯ ಸೆರ್ವೊ ಅನ್ನುವ ಪುಟಾಣಿ ಕಾರಿಗೆ ಇದು ಮೊದಲು ಬಂತಂತೆ.

ಸೆನ್ಸರಿನ ಸಿಗ್ನಲ್ ನಂಬುವ ಹಾಗಿಲ್ಲ ಅನ್ನಿಸಿದರೆ ಕಂಪ್ಯೂಟರ್ ಮೋಟಾರನ್ನು ಆಫ್ ಮಾಡಿ, ಲೈಟ್ ಹಾಕಿ, ಕೈ ಕಟ್ಟಿ ಕೂರುತ್ತದೆ. ಮೊದಲು ಇದು ನನಗೆ ದ್ರೋಹ ಅನ್ನಿಸಿತು. ಯೋಚಿಸಿದರೆ ಇದೇ ಸರಿ. ತಪ್ಪು ಸಿಗ್ನಲ್ ನಂಬಿ ಮೋಟಾರ್ ತಾನಾಗಿಯೇ ತಡೆಗೋಡೆ ಕಡೆಗೆ ತಿರುಗಿಸಿದ್ದರೆ? ಸ್ಟೀರಿಂಗಿಗೂ ಚಕ್ರಕ್ಕೂ ನಡುವೆ ಕಬ್ಬಿಣದ ಸಂಬಂಧ ಹಾಗೇ ಇರುತ್ತದೆ, ಸಹಾಯ ಮಾತ್ರ ನಿಲ್ಲುತ್ತದೆ. ಹಾಗೆ ವಿನ್ಯಾಸ ಮಾಡಿದ ಎಂಜಿನಿಯರಿಗೆ ನಮಸ್ಕಾರ. "ಇದಕ್ಕೇ ಹಳೇ ಕಾಲದ ಸ್ಟೀರಿಂಗೇ ವಾಸಿ ಕಣ್ರೀ" ಅನ್ನುವವರ ಜೊತೆ ನಾನಿಲ್ಲ. ಮೊಣಕೈ ನೋವಿರುವವರು, ವಯಸ್ಸಾದವರು ಇವತ್ತು ಆರಾಮಾಗಿ ಗಾಡಿ ಓಡಿಸುತ್ತಿದ್ದಾರೆ ಅಂದರೆ ಈ ಮೋಟಾರಿನಿಂದಲೇ.

ಆದರೆ ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಸಹಾಯ ನಿಂತುಹೋದ ಹೊಸ ಕಾರು, ಸಹಾಯವೇ ಇಲ್ಲದ ಹಳೇ ಕಾರಿಗಿಂತ ಭಾರ. ಅಪ್ಪನ ಮಾರುತಿ 800ಕ್ಕೆ ಪವರ್ ಸ್ಟೀರಿಂಗ್ ಇರಲಿಲ್ಲ, ಆದರೆ ಅದರ ತೂಕ ಸುಮಾರು 650 ಕೆಜಿ, ಟಯರು 145 ಮಿಲಿಮೀಟರ್ ಅಗಲದ್ದು. ನನ್ನ ಗಾಡಿ ಒಂದು ಟನ್ನಿಗಿಂತ ಹೆಚ್ಚು, ಟಯರೂ ಅಗಲ. ಸಾಲದ್ದಕ್ಕೆ ಮೋಟಾರ್ ಇದೆ ಅನ್ನುವ ಧೈರ್ಯದಲ್ಲಿ ಕಡಿಮೆ ಸುತ್ತಿಗೇ ಚಕ್ರ ಹೆಚ್ಚು ತಿರುಗುವ ಹಾಗೆ ಗೇರು ಇಟ್ಟಿರುತ್ತಾರೆ. ಕೈಯಲ್ಲೇ ತಿರುಗಿಸುವ ಕಾಲದಲ್ಲಿ ಸುತ್ತು ಜಾಸ್ತಿ, ಶ್ರಮ ಕಡಿಮೆ ಅನ್ನುವ ಲೆಕ್ಕ ಇತ್ತು. ನಿಂತ ಗಾಡಿಯಲ್ಲಂತೂ ಟಯರು ಟಾರಿಗೆ ಉಜ್ಜಿಕೊಂಡೇ ತಿರುಗಬೇಕು, ಅದಕ್ಕೇ ಅಪ್ಪ "ಉರುಳ್ತಾ ಇರುವಾಗ ಎಳಿ" ಅಂದದ್ದು. ನನಗೆ ಡ್ರೈವಿಂಗ್ ಸ್ಕೂಲಿನಲ್ಲಿ ಎಂಟು ಹಾಕುವುದು ಹೇಳಿಕೊಟ್ಟರು, ರಿವರ್ಸ್ ಹೇಳಿಕೊಟ್ಟರು. ಇದನ್ನು ಹೇಳಿಕೊಡಲಿಲ್ಲ. ಯಾವುದಾದರೂ ಖಾಲಿ ಮೈದಾನದಲ್ಲಿ, ಗೊತ್ತಿರುವವರ ಜೊತೆ, ಪವರ್ ಇಲ್ಲದ ಹಳೇ ಗಾಡಿಯೊಂದನ್ನು ಒಮ್ಮೆ ಓಡಿಸಿ ನೋಡಿ. ನನ್ನ ಹಾಗೆ ಮೊದಲ ಪಾಠವೇ ಬೆಟ್ಟದ ತಿರುವಿನಲ್ಲಿ ಆಗುವುದು ಬೇಡ.

ಇನ್ನೊಂದು. ಲೈಟ್ ಬಂತು ಅಂತ ಇಳಿಜಾರಿನಲ್ಲಿ ಓಡುತ್ತಿರುವ ಗಾಡಿಯ ಕೀ ಆಫ್ ಮಾಡಬೇಡಿ. ಎಂಜಿನ್ ನಿಂತರೆ ಬ್ರೇಕಿನ ಸಹಾಯವೂ ನಾಲ್ಕಾರು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ, ಕೀ ತೆಗೆದರೆ ಸ್ಟೀರಿಂಗ್ ನಿಜಕ್ಕೂ ಲಾಕ್ ಆಗಬಹುದು. ನಿಲ್ಲಿಸಿದ ಮೇಲೆ ಏನಾದರೂ ಮಾಡಿಕೊಳ್ಳಿ.

ಸರಿ, ಕಥೆಗೆ ಬರೋಣ. ಮೂರು ವಾರ ಕಳೆದ ಮೇಲೆ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮತ್ತೆ ಟಿಂಗ್! ಈ ಸಲ ಹೆದರಲಿಲ್ಲ, ಖುಷಿಯಾಯಿತು ಅಂದರೆ ನಂಬುತ್ತೀರಾ? ವಾಚ್‌ಮನ್ ಅಣ್ಣನ ಕೈಗೆ ಮೊಬೈಲ್ ಕೊಟ್ಟು ವೀಡಿಯೊ ಮಾಡಿಸಿದೆ. ಅಷ್ಟರಲ್ಲಿ ಆನ್‌ಲೈನಿನಲ್ಲಿ ಒಂದು ಅಗ್ಗದ ಓಬಿಡಿ ರೀಡರ್ ತರಿಸಿಟ್ಟುಕೊಂಡಿದ್ದೆ, ಅದನ್ನು ಸಿಕ್ಕಿಸಿದರೆ "ಯಾವ ದೋಷವೂ ಇಲ್ಲ" ಅಂತು. ಲೈಟ್ ಕಣ್ಣೆದುರಿಗೇ ಉರಿಯುತ್ತಿದೆ! ಆಮೇಲೆ ತಿಳಿಯಿತು, ಈ ಅಗ್ಗದ ರೀಡರುಗಳು ಬಹುಮಟ್ಟಿಗೆ ಎಂಜಿನ್ನಿನ ಕಂಪ್ಯೂಟರನ್ನಷ್ಟೇ ಮಾತಾಡಿಸುತ್ತವೆ. ಸ್ಟೀರಿಂಗಿನ ಕಂಪ್ಯೂಟರ್ ಬೇರೆ, ಅದರ ಭಾಷೆ ಕಂಪನಿಯ ಸ್ಕ್ಯಾನರಿಗೆ ಮಾತ್ರ ಗೊತ್ತು. ದುಡ್ಡು ಕೊಟ್ಟು ಕೊಂಡ ಗಾಡಿಯ ಡೈರಿ ಓದುವುದಕ್ಕೆ ನನ್ನ ಹತ್ತಿರ ಬೀಗದ ಕೈ ಇಲ್ಲ.

ಬ್ಯಾಟರಿ ಚೆಕ್ ಮಾಡಿಸಿದೆ, ಚೆನ್ನಾಗಿತ್ತು. (ಮೊದಲು ಇದನ್ನೇ ಮಾಡಿಸಬೇಕು. ಈ ಮೋಟಾರು ಹತ್ತಾರು ಆಂಪಿಯರ್ ಎಳೆಯುತ್ತದೆ, ಬ್ಯಾಟರಿ ಸೊರಗಿದ್ದರೆ ಸ್ಟೀರಿಂಗ್ ಲೈಟ್ ಬರುತ್ತದೆ.) ಮತ್ತೆ ಸರ್ವಿಸ್ ಸೆಂಟರ್. ಈ ಸಲ ಒಂದು ಕಾಗದದಲ್ಲಿ ಬರೆದುಕೊಟ್ಟೆ: ಅಳಿಸುವ ಮುಂಚೆ ಎಲ್ಲ ಕೋಡುಗಳ ಪ್ರಿಂಟ್ ನನಗೆ ಬೇಕು. "ಹಾಗೆಲ್ಲ ಕೊಡಲ್ಲ ಸರ್" ಅಂದರು. "ಕೊಡೋವರೆಗೂ ಇಲ್ಲೇ ಕೂತಿರ್ತೀನಿ" ಅಂದೆ. ಲ್ಯಾಪ್‌ಟಾಪ್ ತೆಗೆದು ಅಲ್ಲೇ ಆಫೀಸ್ ಕೆಲಸ ಶುರು ಮಾಡಿದೆ. ಎರಡು ಕಾಫಿ ಆದಮೇಲೆ ಮ್ಯಾನೇಜರ್ ಬಂದರು, ಪ್ರಿಂಟೂ ಬಂತು. ಟಾರ್ಕ್ ಸೆನ್ಸರಿನ ಸಿಗ್ನಲ್ ದೋಷ. ಸ್ಟೀರಿಂಗ್ ಕಂಬವನ್ನೇ ಪೂರ್ತಿ ಬದಲಾಯಿಸಿದರು, ವಾರಂಟಿಯಲ್ಲಿ. ಎಂಟು ದಿನ ಹಿಡಿಯಿತು. ವಾರಂಟಿ ಇಲ್ಲದಿದ್ದರೆ ಎಷ್ಟಾಗುತ್ತಿತ್ತು ಅಂತ ಕೇಳಿದೆ. ನನ್ನ ಒಂದು ತಿಂಗಳ ಮನೆ ಬಾಡಿಗೆಗಿಂತ ಜಾಸ್ತಿ.

"ಸರಿಹೋಯ್ತಲ್ಲ, ಇನ್ನೇನು ಬಿಡೋ" ಅಂದ ಗೆಳೆಯನೊಬ್ಬ. ಬಿಡುವ ಹಾಗಿಲ್ಲ ಮಾರಾಯ, ಯಾಕೆ ಅಂದರೆ ಇದು ನನ್ನೊಬ್ಬನ ಗಾಡಿಯ ವಿಷಯ ಅಲ್ಲ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 110ಎ ಅಂತ ಒಂದು ಸೆಕ್ಷನ್ ಸೇರಿಸಿದರು. ದೋಷ ಇರುವ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿಕೊಡಿ ಅಂತ ಕಂಪನಿಗೆ ಆದೇಶ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಬಂತು. ಅದರ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಆದರೆ ಈ ಚಕ್ರ ತಿರುಗಬೇಕಾದರೆ ಮೊದಲು ಮಾಲೀಕರ ದೂರು ಒಂದು ಸಂಖ್ಯೆ ಮುಟ್ಟಬೇಕು. ಈಗ ಹೇಳಿ, ನನ್ನ ಮೊದಲ ಜಾಬ್ ಕಾರ್ಡ್ ಹಿಡಿದು ನಾನು ಏನಂತ ದೂರು ಕೊಡಲಿ? ಅದರಲ್ಲಿ ತೊಂದರೆ ಕಂಡುಬಂದಿಲ್ಲ ಅಂತಿದೆಯಲ್ಲ! ನನ್ನ ಹಾಗೆ ಇನ್ನೆಷ್ಟು ಜನ "ಈಗ ಲೈಟ್ ಬರ್ತಿಲ್ವಲ್ಲ" ಅನ್ನಿಸಿಕೊಂಡು ಮನೆಗೆ ಹೋಗಿದ್ದಾರೋ. ಅಳಿಸಿದ ಒಂದೊಂದು ಕೋಡೂ ಲೆಕ್ಕದಿಂದ ಹೊರಬಿದ್ದ ಒಂದೊಂದು ದೂರು.

ಲೆಕ್ಕ ಇಟ್ಟರೆ ಏನಾಗುತ್ತದೆ ನೋಡಿ. 2014ರ ಮಾರ್ಚಿನಲ್ಲಿ ಜನರಲ್ ಮೋಟರ್ಸ್ ಅಮೆರಿಕದಲ್ಲಿ ಇದೇ ತೊಂದರೆಗೆ, ಅಂದರೆ ಎಲೆಕ್ಟ್ರಿಕ್ ಸ್ಟೀರಿಂಗಿನ ಸಹಾಯ ಇದ್ದಕ್ಕಿದ್ದ ಹಾಗೆ ನಿಲ್ಲುವುದಕ್ಕೆ, 13 ಲಕ್ಷಕ್ಕೂ ಹೆಚ್ಚು ಗಾಡಿ ವಾಪಸ್ ಕರೆಯಿತು. 2025ರ ಫೆಬ್ರವರಿಯಲ್ಲಿ ಟೆಸ್ಲಾದ ಸರದಿ, 3,76,241 ಕಾರು. ಸರ್ಕ್ಯೂಟ್ ಬೋರ್ಡಿನ ಮೇಲೆ ಬೀಳುತ್ತಿದ್ದ ಹೊರೆಗೆ ಪರಿಹಾರ ಕೊಟ್ಟಿದ್ದು ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ. ನಮ್ಮಲ್ಲೂ ಆಗದ್ದೇನಲ್ಲ. 2024ರ ಆಗಸ್ಟಿನಲ್ಲಿ ಮಾರುತಿ ಸುಜುಕಿ 2,555 ಆಲ್ಟೊ ಕೆ10 ಕಾರುಗಳನ್ನು ಸ್ಟೀರಿಂಗ್ ಗೇರ್‌ಬಾಕ್ಸಿನ ದೋಷಕ್ಕೆ ವಾಪಸ್ ಕರೆಯಿತು, ಬದಲಾಯಿಸುವವರೆಗೂ ಓಡಿಸಬೇಡಿ ಅಂತಲೂ ಹೇಳಿತು. ಹಾಗೆ ಬಾಯಿಬಿಟ್ಟು ಹೇಳಿದ ಕಂಪನಿಯ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಸ್ಕ್ಯಾನರ್ ಸಿಕ್ಕಿಸಿದಾಗ ಕಂಡ ಕೋಡನ್ನು ಅಳಿಸುವ ಮುಂಚೆ ಜಾಬ್ ಕಾರ್ಡಿನಲ್ಲಿ ಬರೆಯಲಿ, ಅದು ಕಡ್ಡಾಯವಾಗಲಿ. ರಕ್ತ ಪರೀಕ್ಷೆ ಮಾಡಿಸಿದರೆ ಲ್ಯಾಬಿನವರು ರಿಪೋರ್ಟ್ ಕೊಡುವುದಿಲ್ಲವೇ? ಅರ್ಥ ಆಗುತ್ತದೋ ಬಿಡುತ್ತದೋ, ಅದು ನನ್ನ ರಕ್ತ. ಅಲ್ಲಿಯವರೆಗೆ ನಿಮ್ಮ ಗಾಡಿಯಲ್ಲಿ ಆ ಹಳದಿ ಸ್ಟೀರಿಂಗ್ ಕಂಡರೆ, ಗಾಡಿ ನಿಲ್ಲಿಸಿ ಮೊದಲು ಫೋಟೊ ತೆಗೆಯಿರಿ, ದಿನಾಂಕ ಕಿಲೋಮೀಟರ್ ಎರಡೂ ಕಾಣುವ ಹಾಗೆ. ದೂರನ್ನು ಬಾಯಿಮಾತಿನಲ್ಲಿ ಹೇಳಬೇಡಿ, ಬರೆದುಕೊಡಿ. ಪ್ರಿಂಟ್ ಕೇಳಿ. ಕೊಡಲ್ಲ ಅಂದರೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ :)

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಅಮ್ಮ ಎಂದಿನಂತೆ ಬೆಟ್ಟ ಅಂದಳು. ನಾನು ಕೀ ಕೈಗೆತ್ತಿಕೊಂಡೆ.

"ಬೇಡ ಕಣೋ, 201 ಬಸ್ಸಲ್ಲೇ ಹೋಗೋಣ" ಅಂದಳು.

ಪೂರ್ತಿ ಕಂಬವೇ ಹೊಸದು ಹಾಕಿದ್ದಾರೆ, ಪ್ರಿಂಟ್ ಇದೆ, ವೀಡಿಯೊ ಇದೆ ಅಂತೆಲ್ಲ ವಿವರಿಸಿದೆ. ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿಗೇ ಹೋದೆವು. ಅಪ್ಪ ಡ್ರೈವರ್ ಹಿಂದಿನ ಸೀಟು ಹಿಡಿದು, ಹೋಗುವಾಗಲೂ ಬರುವಾಗಲೂ ಆತನ ಕೈಯನ್ನೇ ನೋಡುತ್ತಿದ್ದರು.